ತೆರಿಗೆ ಇಲ್ಲದ ಬಡ್ಡಿಯೂ ಬಡ್ಡಿಯೇ

ಬ್ರಿಟನ್ನಿನಲ್ಲಿ ತೆರಿಗೆ ವರ್ಷವು ಏಪ್ರಿಲ್ 5ಕ್ಕೆ ಮುಗಿದು 6ಕ್ಕೆ ಹೊಸದಾಗಿ ಆರಂಭವಾಗುತ್ತದೆ. ಆ ದಿನಗಳಲ್ಲಿ ಅಲ್ಲಿ ಒಂದು ಓಟವೇ ನಡೆಯುತ್ತದೆ. ‘ಕ್ಯಾಶ್ ಐಸಾ’ ಎಂಬ ತೆರಿಗೆರಹಿತ ಉಳಿತಾಯ ಖಾತೆಯಲ್ಲಿರುವ ಹಣವನ್ನು ಅರ್ಧ ಶೇಕಡ ಹೆಚ್ಚು ಬಡ್ಡಿ ಕೊಡುವ ಬ್ಯಾಂಕಿಗೆ ವರ್ಗಾಯಿಸುವ ಓಟ. ನಮ್ಮ ನಾಡಿನಿಂದ ಹೋಗಿ ಅಲ್ಲಿ ನೆಲೆಸಿದ ಮುಸ್ಲಿಮ್ ಕುಟುಂಬಗಳೂ ಈ ಓಟದಲ್ಲಿ ಸೇರಿಕೊಂಡಿರುವುದು ವಿಷಾದದ ಸಂಗತಿ. ನಮಾಝ್ ತಪ್ಪಿಸದ, ಮಾಂಸದ ಅಂಗಡಿಯಲ್ಲಿ ಹಲಾಲ್ ಮುದ್ರೆಯನ್ನು ಎರಡು ಬಾರಿ ಪರೀಕ್ಷಿಸುವ ಸಹೋದರರು ಬ್ಯಾಂಕಿನ ಬಾಗಿಲಲ್ಲಿ ಮಾತ್ರ ಕಣ್ಣು ಮುಚ್ಚಿಕೊಳ್ಳುವುದೇಕೆ?

ಅವರ ಮೊದಲ ಸಮರ್ಥನೆ ಹೀಗಿದೆ: “ಇದು ಸರ್ಕಾರವೇ ತೆರಿಗೆ ವಿನಾಯಿತಿ ನೀಡಿ ಪ್ರೋತ್ಸಾಹಿಸಿದ ಉಳಿತಾಯ.” ನಿಜ, 1999ರಲ್ಲಿ ಆರಂಭವಾದ ಈ ಯೋಜನೆಯ ವಾರ್ಷಿಕ ಮಿತಿಯನ್ನು 2017ರಲ್ಲಿ 20,000 ಪೌಂಡ್‌ಗಳಿಗೆ ಏರಿಸಲಾಯಿತು. ಆದರೆ ತೆರಿಗೆಯ ವಿನಾಯಿತಿಯು ಸರ್ಕಾರಕ್ಕೂ ಪ್ರಜೆಗೂ ನಡುವಿನ ವಿಚಾರ. ಬಡ್ಡಿಯ ನಿಷೇಧವು ಸೃಷ್ಟಿಕರ್ತನಿಗೂ ದಾಸನಿಗೂ ನಡುವಿನ ವಿಚಾರ. ಮೊದಲನೆಯವರು ಕೊಟ್ಟ ರಿಯಾಯಿತಿಯು ಎರಡನೆಯವನ ಆಜ್ಞೆಯನ್ನು ಸಡಿಲಗೊಳಿಸುವುದು ಹೇಗೆ? ಸುಂಕವಿಲ್ಲದೆ ಸಿಕ್ಕಿದ ಮದ್ಯವು ಶರಬತ್ತಾಗುವುದಿಲ್ಲ.

ಇನ್ನು ಈ ಓಟದ ಲಾಭವಾದರೂ ಎಷ್ಟು? 20,000 ಪೌಂಡ್ ಹಣಕ್ಕೆ ಅರ್ಧ ಶೇಕಡ ಹೆಚ್ಚು ಬಡ್ಡಿಯೆಂದರೆ ವರ್ಷಕ್ಕೆ 100 ಪೌಂಡ್. ಈ ನೂರು ಪೌಂಡ್‌ಗಾಗಿ ನಾವು ಕೊಡುತ್ತಿರುವ ಬೆಲೆಯನ್ನು ಲೆಕ್ಕ ಹಾಕಿದ್ದೇವೆಯೇ? ಬಡ್ಡಿಯನ್ನು ಬಿಡದವರ ವಿರುದ್ಧ ಅಲ್ಲಾಹ್ ಮತ್ತು ಅವನ ಪ್ರವಾದಿಯ ಕಡೆಯಿಂದ ಯುದ್ಧ ಘೋಷಣೆಯಿದೆ ಎಂದು ಪವಿತ್ರ ಕುರ್‌ಆನಿನ ಅಲ್‌ಬಕರ ಅಧ್ಯಾಯವು ಎಚ್ಚರಿಸುತ್ತದೆ. ಅದೇ ಸ್ಥಳದಲ್ಲಿ, ಪಶ್ಚಾತ್ತಾಪ ಪಟ್ಟವರಿಗೆ ಅವರ ಮೂಲಧನವು ಅವರದೇ ಎಂಬ ಕರುಣೆಯ ಮಾತೂ ಇದೆ.

ಎರಡನೆಯ ಸಮರ್ಥನೆ ಹೆಚ್ಚು ಗಂಭೀರವಾದುದು: “ಬೆಲೆಯೇರಿಕೆಯಲ್ಲಿ ಹಣ ಕರಗುತ್ತದೆ, ಬೇರೆ ದಾರಿ ಎಲ್ಲಿದೆ?” ಭಾರತದಲ್ಲಿರುವವರು ಹೀಗೆ ಕೇಳಿದರೆ ಅದಕ್ಕೆ ಒಂದಿಷ್ಟು ಅರ್ಥವಿದೆ. ಇಲ್ಲಿ ಇಸ್ಲಾಮೀ ಬ್ಯಾಂಕಿಂಗ್‌ನ ಪ್ರಸ್ತಾವವನ್ನು ಮುಂದುವರಿಸುವುದಿಲ್ಲವೆಂದು ರಿಸರ್ವ್ ಬ್ಯಾಂಕ್ 2017ರಲ್ಲಿಯೇ ತಿಳಿಸಿತು. ಆದರೆ ಬ್ರಿಟನ್ನಿನಲ್ಲಿ ಆ ನೆಪಕ್ಕೆ ಎಡೆಯೇ ಇಲ್ಲ. ಈಗ ಅಲ್ ರಯ್ಯಾನ್ ಎನಿಸಿಕೊಂಡಿರುವ ಬ್ಯಾಂಕು 2004ರಿಂದಲೇ ಅಲ್ಲಿದೆ. ಗೇಟ್‌ಹೌಸ್‌ನಂತಹ ಷರೀಅತ್ ಆಧಾರಿತ ಬ್ಯಾಂಕುಗಳು ಇದೇ ತೆರಿಗೆರಹಿತ ಐಸಾ ಖಾತೆಗಳನ್ನು ನೀಡಿವೆ. ಬಾಗಿಲು ತೆರೆದಿರುವಾಗ ಗೋಡೆ ಹಾರುವವನು ತನ್ನನ್ನು ನಿರ್ಬಂಧಿತನೆಂದು ಕರೆದುಕೊಳ್ಳಲಾರನು.

ಆಗ ಮೂರನೆಯ ವಾದ ಬರುತ್ತದೆ: “ಅವರು ಲಾಭ ಅನ್ನುತ್ತಾರೆ, ಇವರು ಬಡ್ಡಿ ಅನ್ನುತ್ತಾರೆ; ವ್ಯತ್ಯಾಸ ಹೆಸರಿನಲ್ಲಿ ಮಾತ್ರ.” ವ್ಯಾಪಾರವೂ ಬಡ್ಡಿಯಂತೆಯೇ ಎಂಬ ಈ ವಾದ ಹೊಸತಲ್ಲ. ಕುರ್‌ಆನ್ ಅದನ್ನು ಉಲ್ಲೇಖಿಸಿಯೇ ತಿರಸ್ಕರಿಸಿದೆ. ಸಂಖ್ಯೆಗಳು ಹತ್ತಿರವಿರಬಹುದು, ಕರಾರು ಬೇರೆ. ಸಾಮಾನ್ಯ ಖಾತೆಯಲ್ಲಿ ನೀವು ಬ್ಯಾಂಕಿಗೆ ಸಾಲ ಕೊಡುತ್ತೀರಿ, ಅದು ಸಾಲದ ಮೇಲೆ ಹೆಚ್ಚಳವನ್ನು ವಾಗ್ದಾನ ಮಾಡುತ್ತದೆ. ವಕಾಲತ್ ಕರಾರಿನಲ್ಲಿ ಬ್ಯಾಂಕು ನಿಮ್ಮ ಪ್ರತಿನಿಧಿಯಾಗಿ ಹಣವನ್ನು ಧರ್ಮಸಮ್ಮತ ವ್ಯವಹಾರದಲ್ಲಿ ತೊಡಗಿಸುತ್ತದೆ. ಅಲ್ಲಿ ಘೋಷಿಸುವುದು ನಿರೀಕ್ಷಿತ ಲಾಭವೇ ಹೊರತು ಖಚಿತ ಬಡ್ಡಿಯಲ್ಲ.

ಹಾಗೆಂದು ‘ಹಲಾಲ್’ ಎಂಬ ಫಲಕ ಕಂಡಲ್ಲೆಲ್ಲ ಹಣ ಸುರಿಯಬೇಕೆಂದು ಯಾರೂ ತಿಳಿಯದಿರಲಿ. 2019ರಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ಸಾವಿರಾರು ಕುಟುಂಬಗಳ ಉಳಿತಾಯ ಮಣ್ಣುಪಾಲಾದುದನ್ನು ಕನ್ನಡದ ಮುಸ್ಲಿಮರು ಮರೆಯುವಂತಿಲ್ಲ. ಅಲ್ಲಿ ಧರ್ಮದ ಹೆಸರಿತ್ತು, ಬ್ಯಾಂಕಿನ ಪರವಾನಗಿ ಇರಲಿಲ್ಲ. ಬ್ರಿಟನ್ನಿನ ಈ ಬ್ಯಾಂಕುಗಳು ಪರವಾನಗಿ ಪಡೆದು, ಇತರ ಬ್ಯಾಂಕುಗಳಂತೆಯೇ ಠೇವಣಿ ರಕ್ಷಣಾ ಯೋಜನೆಗೆ ಒಳಪಟ್ಟಿವೆ. ಪರವಾನಗಿ ಯಾರದು, ಹಣ ಹೋಗುವುದೆಲ್ಲಿಗೆ, ಷರೀಅತ್ ಮಂಡಳಿಯಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆಗಳನ್ನು ಕೇಳುವುದು ಅವಿಶ್ವಾಸವಲ್ಲ, ಅಮಾನತ್‌ನ ರಕ್ಷಣೆ.

ದಾರಿ ಬದಲಿಸುವುದು ಕಷ್ಟವೂ ಅಲ್ಲ. ಹಣವನ್ನು ನೀವೇ ಹಿಂಪಡೆಯಬಾರದು. ಹಾಗೆ ಮಾಡಿದರೆ ಆ ಮೊತ್ತದ ತೆರಿಗೆರಹಿತ ಸ್ಥಾನ ಕಳೆದುಹೋಗಬಹುದು. ಹೊಸ ಬ್ಯಾಂಕು ವರ್ಗಾವಣೆಯನ್ನು ಸ್ವೀಕರಿಸುತ್ತದೆಯೇ ಎಂದು ವಿಚಾರಿಸಿ, ಅದರ ಅರ್ಜಿಯನ್ನು ತುಂಬಿ ಕೊಟ್ಟರೆ ಸಾಕು. ಒಂದು ಕ್ಯಾಶ್ ಐಸಾದಿಂದ ಇನ್ನೊಂದಕ್ಕೆ 15 ಕೆಲಸದ ದಿನಗಳೊಳಗೆ ಹಣ ಸೇರಬೇಕೆಂಬುದು ಅಲ್ಲಿನ ನಿಯಮ. ನಿಗದಿತ ಅವಧಿಯ ಖಾತೆಯನ್ನು ಮಧ್ಯದಲ್ಲಿ ಬಿಟ್ಟರೆ ಸಾಮಾನ್ಯವಾಗಿ ಕೆಲವು ದಿನಗಳ ಬಡ್ಡಿಯನ್ನು ದಂಡವಾಗಿ ಕಡಿತಗೊಳಿಸುತ್ತಾರೆ. ಬಡ್ಡಿಯೇ ಬೇಡವೆಂದು ಹೊರಟವನಿಗೆ ಅದು ನಷ್ಟವೇ? ದಂಡವು ಮೂಲಧನವನ್ನು ಮುಟ್ಟುವುದಾದರೆ ಮಾತ್ರ ಲೆಕ್ಕ ನೋಡಿ ಹೆಜ್ಜೆಯಿಡಿ. ಈಗಾಗಲೇ ಸೇರಿರುವ ಬಡ್ಡಿಯನ್ನು ಪ್ರತಿಫಲದ ಆಸೆಯಿಲ್ಲದೆ ಬಡವರಿಗೆ ಒಪ್ಪಿಸಿಬಿಡಿ; ಅದನ್ನು ಝಕಾತ್ ಎಂದು ಎಣಿಸಬೇಡಿ.

ಊರಿನಲ್ಲಿರುವ ತಂದೆತಾಯಿಯರಿಗೂ ಒಂದು ಮಾತು. ಮಗ ಎಷ್ಟು ಕಳುಹಿಸಿದ ಎಂದು ಕೇಳುವ ನಾವು, ಎಲ್ಲಿಂದ ಕಳುಹಿಸಿದ ಎಂದೂ ಕೇಳೋಣ. ಸಂಪತ್ತನ್ನು ಹೇಗೆ ಗಳಿಸಿದೆ, ಎಲ್ಲಿ ಖರ್ಚು ಮಾಡಿದೆ ಎಂಬ ಎರಡು ಪ್ರಶ್ನೆಗಳು ಅಂತ್ಯದಿನದಲ್ಲಿ ಪ್ರತಿಯೊಬ್ಬರ ಮುಂದೆಯೂ ಬರಲಿವೆ. ಹಣದ ಖಾತೆಯನ್ನು ವರ್ಗಾಯಿಸಲು ಪ್ರತಿ ಏಪ್ರಿಲ್‌ನಲ್ಲೂ ಅವಕಾಶವಿದೆ. ಕರ್ಮದ ಖಾತೆಯನ್ನು ಮರಣದ ನಂತರ ವರ್ಗಾಯಿಸಲಾಗದು. ಅಲ್ಲಾಹನು ನಮ್ಮೆಲ್ಲರ ಗಳಿಕೆಯನ್ನು ಶುದ್ಧಗೊಳಿಸಲಿ. ಆಮೀನ್.