ಕಾಣದ ಬೋಲ್ಟೂ ಲೆಕ್ಕಕ್ಕಿದೆ!

ಇದು ಕಥೆಯಲ್ಲ, ಕವನವೂ ಅಲ್ಲ, ನನ್ನ ಹೊಟ್ಟೆಪಾಡಿನ ವಿಷಯ. ಕ್ಯಾಡ್ ಅಂದ್ರೆ ಏನು ಅಂತ ಗೊತ್ತಿಲ್ಲದ ಗೆಳೆಯರಿಗೂ ಅರ್ಥ ಆಗೋ ಹಾಗೆ ಬರೆಯೋ ಪ್ರಯತ್ನ ಮಾಡ್ತೀನಿ, ಅರ್ಧಕ್ಕೇ ಬಿಟ್ಟು ಓಡಬೇಡಿ :)

ಯಂತ್ರದ ಒಂದೊಂದು ಬಿಡಿಭಾಗವನ್ನೂ ಕಂಪ್ಯೂಟರಿನಲ್ಲಿ ಬೇರೆ ಬೇರೆ ಫೈಲಾಗಿ ಮಾಡಿ, ಆಮೇಲೆ ಎಲ್ಲವನ್ನೂ ಒಂದೆಡೆ ಜೋಡಿಸ್ತೀವಿ. ಹಾಗೆ ಜೋಡಿಸಿದ್ದಕ್ಕೆ ಅಸೆಂಬ್ಲಿ ಅಂತ ಹೆಸರು. ಸಣ್ಣ ಪಂಪಿನದ್ದಾದರೆ ಹತ್ತಿಪ್ಪತ್ತು ಭಾಗ ಇರಬಹುದು. 1994ರಲ್ಲಿ ಮೊದಲ ಸಲ ಹಾರಿದ ಬೋಯಿಂಗ್ 777 ವಿಮಾನವನ್ನು ಪೂರ್ತಿಯಾಗಿ ಕಂಪ್ಯೂಟರಿನಲ್ಲೇ ವಿನ್ಯಾಸ ಮಾಡಿದ್ದರು. ಅದರಲ್ಲಿ ಸುಮಾರು 30 ಲಕ್ಷ ಬಿಡಿಭಾಗಗಳು! ಇಷ್ಟನ್ನೂ ಒಟ್ಟಿಗೆ ತೆರೆಯ ಮೇಲೆ ಇಟ್ಟುಕೊಂಡು ಯಾರೂ ಕೆಲಸ ಮಾಡೋಕಾಗಲ್ಲ. ಒಳಗಿನ ಗೇರು ನೋಡಬೇಕಾದರೆ ಮೇಲಿನ ಕವರನ್ನು ಮರೆಮಾಡಲೇಬೇಕು. ತೊಂದರೆ ಬರೋದು ಆಮೇಲೆ... ಮರೆಮಾಡಿದವನು ಹಾಗೇ ಸೇವ್ ಮಾಡಿ ಮನೆಗೆ ಹೋಗ್ತಾನೆ. ಮಾರನೇ ದಿನವೋ ಮುಂದಿನ ವರ್ಷವೋ ಆ ಫೈಲು ಇನ್ನೊಬ್ಬರ ಕೈಗೆ ಬರುತ್ತೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಕಾಣದ ಭಾಗಗಳೆಲ್ಲ ಒಂದೇ ಜಾತಿಯವಲ್ಲ. ನಮ್ಮ ತೋವಿನಕೆರೆ ಸೀಮೆಯ ರಾಗಿ ಲೆಕ್ಕದಲ್ಲೇ ಹೇಳ್ತೀನಿ. ಹಿಂದೆ ರಾಗಿಯನ್ನು ನೆಲದೊಳಗಿನ ಹಗೇವಿಗೆ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಎಳೆದುಬಿಡ್ತಿದ್ದರು. ಕಣ್ಣಿಗೆ ಕಾಣಲ್ಲ, ಆದರೆ ಮನೆಯ ಲೆಕ್ಕದಲ್ಲಿದೆ. ‘ಹೈಡ್’ ಮಾಡಿದ ಭಾಗ ಹೀಗೆ. ಇನ್ನು ‘ಸಪ್ರೆಸ್’ ಮಾಡಿದ ಭಾಗ ಅಂದರೆ ಪಕ್ಕದೂರಿನ ನೆಂಟರಿಗೆ ಕೊಟ್ಟ ರಾಗಿ. ಅದು ಕಣಜದಲ್ಲೂ ಇಲ್ಲ, ಹಗೇವಿನಲ್ಲೂ ಇಲ್ಲ, ಸದ್ಯಕ್ಕೆ ಲೆಕ್ಕದಲ್ಲೂ ಇಲ್ಲ. ಮೂರನೆಯದು ಯಾರೂ ಅಡಗಿಸದೇ ಇದ್ದರೂ ದೊಡ್ಡ ಭಾಗಗಳ ಹಿಂದೆ ಮುಚ್ಚಿಹೋದದ್ದು.

ಸಾಲಿಡ್‌ವರ್ಕ್ಸ್‌ನಲ್ಲಿ ಹೈಡ್ ಮಾಡಿದ ಬೋಲ್ಟು ಚಿತ್ರದಲ್ಲಿ ಕಾಣದಿದ್ದರೂ ಬಿಡಿಭಾಗಗಳ ಪಟ್ಟಿಯಲ್ಲಿ ಬರುತ್ತೆ. ಆಗ ವರ್ಕ್‌ಶಾಪಿನವರು ಫೋನ್ ಮಾಡಿ “ಸಾರ್, ಪಟ್ಟೀಲಿದೆ, ಡ್ರಾಯಿಂಗಲ್ಲಿ ಇಲ್ವಲ್ಲ?” ಅಂತ ಕೇಳ್ತಾರೆ. ಕೇಳಿದರಲ್ಲ, ಬಚಾವ್! ಸಪ್ರೆಸ್ ಮಾಡಿದ ಬೋಲ್ಟು ಚಿತ್ರದಲ್ಲೂ ಬರಲ್ಲ, ಪಟ್ಟಿಯಲ್ಲೂ ಬರಲ್ಲ, ತೂಕದಲ್ಲೂ ಬರಲ್ಲ. ಯಾರೂ ಕೇಳಲ್ಲ, ಯಾರೂ ಕೊಳ್ಳಲ್ಲ. ಜೋಡಿಸುವ ದಿನವೇ ಗೊತ್ತಾಗೋದು.

“ಅದಕ್ಕೆ ಬಟನ್ ಇದೆಯಲ್ರೀ” ಅಂತ ನನ್ನ ಸಹೋದ್ಯೋಗಿಗಳು ಹೇಳ್ತಾರೆ. ನಿಜ, ಇದೆ. ಸಾಲಿಡ್‌ವರ್ಕ್ಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಟ್ಯಾಬ್ ಮೂರನ್ನೂ ಒಟ್ಟಿಗೆ ಒತ್ತಿ ಹಿಡಿದರೆ ಅಡಗಿಸಿದ್ದೆಲ್ಲ ಗಾಜಿನ ಹಾಗೆ ಕಾಣುತ್ತೆ. ಎಫ್8 ಒತ್ತಿದರೆ ಯಾವುದು ಕಾಣುತ್ತಿದೆ, ಯಾವುದು ಇಲ್ಲ ಅಂತ ಪಕ್ಕದಲ್ಲೇ ಸಾಲಾಗಿ ಬರುತ್ತೆ. ಕಾಟಿಯಾದಲ್ಲಂತೂ ಅಡಗಿಸಿದವಕ್ಕೇ ಒಂದು ಬೇರೆ ಲೋಕ ಇದೆ. ಅಲ್ಲಿಗೆ ಹೋದರೆ ಹಿನ್ನೆಲೆ ಹಸಿರಾಗುತ್ತೆ, ಅಡಗಿದ್ದವು ಮಾತ್ರ ಕಾಣ್ತವೆ. ಮುಚ್ಚಿಹೋದದ್ದಕ್ಕೆ ಮಾದರಿಯನ್ನು ಅಡ್ಡಕ್ಕೆ ಕತ್ತರಿಸಿ ನೋಡೋ ದಾರಿ ಇದೆ.

ಆದರೆ ನನ್ನ ತಕರಾರು ಇಷ್ಟೇ: ಹುಡುಕಬೇಕು ಅಂತ ಗೊತ್ತಿದ್ದವನಿಗೆ ಮಾತ್ರ ಬಟನ್ ಕೆಲಸಕ್ಕೆ ಬರೋದು. ಏನೋ ಕಾಣೆಯಾಗಿದೆ ಅನ್ನೋದೇ ಗೊತ್ತಿಲ್ಲದಿದ್ದರೆ? ಎಲ್ಲವನ್ನೂ ತೋರಿಸು ಅಂದ ತಕ್ಷಣ ಎಂಟುನೂರು ಭಾಗ ಮುಖಕ್ಕೆ ರಾಚುತ್ತೆ. ಅದರಲ್ಲಿ ಹಳೆಯ ವಿನ್ಯಾಸದ್ದು ಯಾವುದು, ನಿಜಕ್ಕೂ ಬೇಕಾದದ್ದು ಯಾವುದು? ಹೆಸರು ನೋಡೋಣ ಅಂದ್ರೆ ‘ಪಾರ್ಟ್1’, ‘ಪಾರ್ಟ್1 ಕಾಪಿ’, ‘ಫೈನಲ್’, ‘ಫೈನಲ್ ಫೈನಲ್’... ದೇವರೇ ಗತಿ! ಹಗೇವು ಎಲ್ಲಿದೆ ಅಂತ ಹೇಳದೆ ಮನೆಯ ಯಜಮಾನ ಕಣ್ಣು ಮುಚ್ಚಿದರೆ, ಅಂಗಳ ಪೂರ್ತಿ ಅಗೆಯೋ ಪಾಡು ಮಕ್ಕಳದ್ದು.

ಅದಕ್ಕೇ ನಾನು ಹೇಳೋದು, ಹುಡುಕುವುದು ಬಂದವನ ಜಾಣತನ ಅಲ್ಲ, ಅಡಗಿಸಿದವನ ಜವಾಬ್ದಾರಿ. ಫೈಲನ್ನು ಬೇರೆಯವರಿಗೆ ಕೊಡೋ ಮುಂಚೆ ಅಡಗಿಸಿದ್ದನ್ನೆಲ್ಲ ಹೊರಗೆ ತರಬೇಕು. ಬೇಡವಾದದ್ದನ್ನು ಅಡಗಿಸಿ ಇಡೋದಲ್ಲ, ತೆಗೆದೇಬಿಡಬೇಕು. ಸಪ್ರೆಸ್ ಮಾಡಿಯೇ ಇಡಬೇಕಾದ ಕಾರಣ ಇದ್ದರೆ ಆ ಕಾರಣವನ್ನು ಬರೆದಿಡಬೇಕು. ಒಟ್ಟು ಎಷ್ಟು ಭಾಗ, ಎಷ್ಟು ತೂಕ ಅಂತ ಒಂದು ಸಾಲು ಬರೆದು ಜೊತೆಗೆ ಕೊಡಬೇಕು. ಬಂದವನು ಆ ಎರಡು ಅಂಕಿ ತಾಳೆ ನೋಡಿದರೆ ಸಾಕು, ಏನೋ ತಪ್ಪಿಸಿಕೊಂಡಿದೆ ಅಂತ ಮೊದಲ ದಿನವೇ ಗೊತ್ತಾಗುತ್ತೆ.

“ಇದಕ್ಕೆಲ್ಲ ಟೈಮ್ ಎಲ್ಲಿದೆ? ದಿನಕ್ಕೆ ಎಷ್ಟು ಡ್ರಾಯಿಂಗ್ ಆಯ್ತು ಅಂತ ತಾನೇ ಮೇಲಿನವರು ಕೇಳೋದು” ಅಂತೀರಾ? ಒಪ್ಪುತ್ತೀನಿ, ಈ ಅರ್ಧ ಗಂಟೆಗೆ ಯಾವ ಲೆಕ್ಕದಲ್ಲೂ ಜಾಗ ಇಲ್ಲ. ಆದರೆ ಆ ಅರ್ಧ ಗಂಟೆಯನ್ನು ನಾವು ಉಳಿಸಿದರೆ, ಪೀಣ್ಯದಲ್ಲೋ ವಸಂತನರಸಾಪುರದಲ್ಲೋ ಲೇತ್ ಮುಂದೆ ನಿಂತ ಹುಡುಗ ಅದನ್ನು ಎರಡು ದಿನವಾಗಿ ಕಟ್ಟುತ್ತಾನೆ. ತಪ್ಪು ಕಂಪ್ಯೂಟರಿನ ಮುಂದೆ ಆಗುತ್ತೆ, ಬೈಗುಳ ಅವನಿಗೆ ಬೀಳುತ್ತೆ. ನನಗೆ ಬೇಜಾರಾಗೋದು ಇದಕ್ಕೇ.

ಈಗ ನಮ್ಮ ಜಿಲ್ಲೆಯಲ್ಲೇ, ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ. 2023ರ ಫೆಬ್ರವರಿಯಲ್ಲಿ ಅದರ ಉದ್ಘಾಟನೆ ಆಯ್ತು. ಹೆಲಿಕಾಪ್ಟರಿನಂಥ ಯಂತ್ರದಲ್ಲಿ ಕೆಲವು ಕಿಲೋ ತೂಕ ಎಲ್ಲಿ ಕೂತಿದೆ ಅನ್ನೋದೂ ಮುಖ್ಯ, ಯಾಕಂದ್ರೆ ಭಾರದ ಕೇಂದ್ರ ಆಚೀಚೆ ಆದರೆ ಹಾರಾಟವೇ ಕಷ್ಟ. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡದ ಡಿಪ್ಲೊಮಾ, ಐಟಿಐ ಹುಡುಗ ಹುಡುಗಿಯರು ಇನ್ನು ಮುಂದೆ ಇಂಥ ಕೆಲಸಗಳಿಗೆ ಹೋಗಬೇಕು ಅನ್ನೋದು ನನ್ನ ಆಸೆ. ಅವರಿಗೆ ಕ್ಯಾಡ್ ಹೇಳಿಕೊಡೋ ಕಡೆ ಬಟನ್‌ಗಳ ಪಾಠ ಬೇಕಾದಷ್ಟಿದೆ. ಮಾಡಿದ ಕೆಲಸವನ್ನು ಇನ್ನೊಬ್ಬರ ಕೈಗೆ ಒಪ್ಪಿಸೋದು ಹೇಗೆ ಅನ್ನೋ ಪಾಠವೂ ಮೊದಲ ವಾರದಲ್ಲೇ ಇರಲಿ.

ನಿಮ್ಮ ನಿಮ್ಮ ಕೆಲಸದಲ್ಲೂ ಇಂಥ ಹಗೇವುಗಳು ಇರಬಹುದು... ಅಕೌಂಟ್ಸ್‌ನವರ ಎಕ್ಸೆಲ್ ಹಾಳೆಯಲ್ಲಿ ಮರೆಮಾಡಿದ ಸಾಲುಗಳು ನೆನಪಾದವಾ? :) ಅಲ್ಲಿ ಏನು ಮಾಡ್ತೀರಿ, ತಿಳಿಸಿ.