ರಕ್ತನಾಳಕ್ಕೆ ಹಿಡಿಯುವ ಬೂಷ್ಟು

ಮಳೆಗಾಲ ಹಿಡಿಯಿತೆಂದರೆ ನಮ್ಮ ಬದಲಾಪುರದ ಮನೆಗಳಲ್ಲಿ ಬೂಷ್ಟಿನದೇ ರಾಜ್ಯ. ಕಪಾಟಿನೊಳಗಿನ ಚರ್ಮದ ಚಪ್ಪಲಿ, ಎರಡು ದಿನ ಉಳಿದ ಪಾವ್, ಯಾವುದನ್ನೂ ಅದು ಬಿಡುವುದಿಲ್ಲ. ಒರೆಸಿ ನಮ್ಮ ಕೆಲಸಕ್ಕೆ ಹೊರಡುತ್ತೇವೆ. ಆ ಪಾವಿನ ಬೂಷ್ಟಿನ ಬಳಗವೇ ಮನುಷ್ಯನ ರಕ್ತನಾಳವನ್ನು ಕೊರೆದು ಒಳಹೊಗಬಲ್ಲದೆಂಬುದು 2021ರವರೆಗೆ ನಮ್ಮಲ್ಲಿ ಬಹುಮಂದಿಗೆ ಗೊತ್ತಿರಲಿಲ್ಲ.

ಆ ವರ್ಷದ ಮೇ ತಿಂಗಳಲ್ಲಿ, ಕೊರೋನಾದ ಎರಡನೆಯ ಅಲೆಯ ಕಾಲಕ್ಕೆ, ಪಕ್ಕದ ಕಲ್ಯಾಣ-ಡೊಂಬಿವಲಿಯಲ್ಲೂ ಈ ರೋಗದಿಂದ ಸಾವುಗಳಾದವು. ಪತ್ರಿಕೆಗಳು ‘ಕಪ್ಪು ಶಿಲೀಂಧ್ರ’ವೆಂದು ಕರೆದವು; ವೈದ್ಯರು ಹೇಳುವ ಹೆಸರು ಮ್ಯೂಕರ್‌ಮೈಕೋಸಿಸ್. ಪತ್ರಿಕೆಯವರ ಹೆಸರು ನಮಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಇಲ್ಲಿ ಕಪ್ಪಾಗುವುದು ಬೂಷ್ಟಲ್ಲ, ನಮ್ಮದೇ ಮಾಂಸ. ಉಸಿರಿನೊಡನೆ ಮೂಗಿಗೆ ಹೋದ ಕಣ ಅಲ್ಲಿ ಮೊಳೆಯುತ್ತದೆ. ಅದರ ಎಳೆಗಳು ಧಮನಿಯ ಗೋಡೆಯನ್ನು ತೂರುತ್ತವೆ. ಒಳಗೆ ರಕ್ತ ಹೆಪ್ಪುಗಟ್ಟುತ್ತದೆ. ಕಾಲುವೆ ಕಟ್ಟಿಕೊಂಡರೆ ಕೆಳಗಿನ ಗದ್ದೆ ಒಣಗುವಂತೆ, ಆ ನಾಳವನ್ನು ನಂಬಿದ ಭಾಗವೆಲ್ಲ ಸತ್ತು ಕರಿಯಾಗುತ್ತದೆ. ಮೂಗಿನಿಂದ ಅಂಗುಳಕ್ಕೆ, ಕಣ್ಣಿಗೆ, ಕೊನೆಗೆ ಮಿದುಳಿಗೆ.

ಚಿಕಿತ್ಸೆಯ ತೊಡಕೂ ಇದೇ. ಔಷಧ ತಲುಪಬೇಕಾದದ್ದು ರಕ್ತದ ಮೂಲಕ. ಆ ದಾರಿಯೇ ಮುಚ್ಚಿದ್ದರೆ ಎಷ್ಟು ಚುಚ್ಚಿದರೇನು? ಆದ್ದರಿಂದ ಶಸ್ತ್ರವೈದ್ಯರು ಸತ್ತ ಭಾಗವನ್ನು ಕತ್ತರಿಸಿ ತೆಗೆಯಲೇಬೇಕಾಗುತ್ತದೆ. ಕೆಲವರಿಗೆ ಮೇಲ್ದವಡೆ ಹೋಗುತ್ತದೆ, ಕೆಲವರಿಗೆ ಕಣ್ಣು. ಜೊತೆಗೆ ಆಂಫೋಟೆರಿಸಿನ್-ಬಿ ಎಂಬ ಮದ್ದು. 1950ರ ದಶಕದಲ್ಲಿ ವೆನೆಜುವೆಲಾ ದೇಶದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ದೊರೆತದ್ದು ಇದು. ಇದರ ಹಳೆಯ ರೂಪ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತಿತ್ತು. ಕೊಬ್ಬಿನ ಕಣಗಳಲ್ಲಿ ಹುದುಗಿಸಿದ ಹೊಸ ರೂಪ ಅಷ್ಟು ಕಠಿಣವಲ್ಲ, ಆದರೆ ಬೆಲೆ ಹೆಚ್ಚು. 2021ರಲ್ಲಿ ಇದು ಸಿಗದೆ ಜನ ಊರೂರು ಅಲೆದರು. ಆ ಜೂನ್ ತಿಂಗಳಲ್ಲಿ ಜಿ.ಎಸ್.ಟಿ. ಮಂಡಳಿ ಇದರ ಮೇಲಿನ ತೆರಿಗೆಯನ್ನು ತೆಗೆದುಹಾಕಿತು. ಚುಚ್ಚುಮದ್ದು ಮುಗಿದ ಮೇಲೂ ಬಹಳ ದಿನ ಮಾತ್ರೆ ನುಂಗಬೇಕು.

ರೋಗಿಯ ತಟ್ಟೆ ಲೋಟ ಬೇರೆಯಿಡಬೇಕೇ ಎಂದು ಕೇಳುವವರಿದ್ದಾರೆ. ಬೇಡ. ಒಬ್ಬರಿಂದೊಬ್ಬರಿಗೆ ಅಂಟುವ ರೋಗವಲ್ಲ ಇದು. ಈ ಕಣಗಳು ಗಾಳಿಯಲ್ಲಿ ಎಲ್ಲರ ಮೂಗಿಗೂ ಹೋಗುತ್ತಲೇ ಇರುತ್ತವೆ. ಆರೋಗ್ಯವಂತರ ದೇಹ ಅವನ್ನು ತಾನೇ ಕಳೆದುಕೊಳ್ಳುತ್ತದೆ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರಲ್ಲಿ, ಸ್ಟೀರಾಯ್ಡ್ ಹೆಚ್ಚು ತೆಗೆದುಕೊಂಡವರಲ್ಲಿ ಅವಕ್ಕೆ ನೆಲೆ ಸಿಗುತ್ತದೆ. ಕೊರೋನಾ ಕಾಲದಲ್ಲಿ ಸ್ಟೀರಾಯ್ಡ್ ಎಷ್ಟೋ ಜೀವ ಉಳಿಸಿತು, ನಿಜ, ಸಕ್ಕರೆಯನ್ನೂ ಏರಿಸಿತು.

ನಮಗೆ ಚಿಂತೆಯಿರುವುದು ಊರಿನಿಂದ ಮಕ್ಕಳ ಮನೆಗೆ ಬರುವ ಹಿರಿಯರದು. ಮಾತ್ರೆಯ ಚೀಲ ತಂದಿರುತ್ತಾರೆ, ಸಕ್ಕರೆ ಪರೀಕ್ಷೆ ಮಾಡಿಸಿರುವುದಿಲ್ಲ. ಹಬ್ಬದ ಹೋಳಿಗೆ ಬೇರೆ. ಅಂಥವರಿಗೆ ಮುಖದ ಒಂದೇ ಬದಿಗೆ ನೋವು, ಕೆನ್ನೆಯಲ್ಲಿ ಬಾವು, ಮೂಗಿನಿಂದ ಕಪ್ಪು ಅಥವಾ ರಕ್ತಮಿಶ್ರ ಸಿಂಬಳ, ಮೇಲಿನ ಹಲ್ಲು ಅಲುಗುವುದು, ಒಂದು ವಸ್ತು ಎರಡಾಗಿ ಕಾಣುವುದು, ಇವುಗಳಲ್ಲಿ ಒಂದಾದರೂ ಕಂಡರೆ ಹಲ್ಲುನೋವೆಂದು ಲವಂಗವಿಟ್ಟು ಮಲಗಿಸಬೇಡಿರಿ; ರವಿವಾರ ಕಳೆಯಲೆಂದು ಕಾಯಲೂ ಬೇಡಿರಿ. ಆ ದಿನವೇ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿರಿ. ಸಕ್ಕರೆ ಎಷ್ಟಿದೆ, ಈಚೆಗೆ ಯಾವ ಯಾವ ಮಾತ್ರೆ ನುಂಗಿದ್ದಾರೆ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿರಿ. ಮಾತ್ರೆಯ ಚೀಲವನ್ನು ಜೊತೆಗೇ ಒಯ್ಯಿರಿ.