ಹಿಡಿ ಅಕ್ಕಿಯಲ್ಲಿ ನಡೆಯುವ ಮಿಷನ್: ನಮ್ಮ ಜಮಾಅತ್‌ಗೂ ಒಂದು ಲೆಕ್ಕ

ಮಿಷನರಿ ಎಂದ ಕೂಡಲೇ 'ವಿದೇಶಿ ದುಡ್ಡು' ಎನ್ನುವವರಿದ್ದಾರೆ. ಮದರಸ ಎಂದರೂ ಅದೇ ಮಾತು. ಆದರೆ ದುಡ್ಡು ಬರುವ ದಾರಿ ನೋಡಿದರೆ ಕತೆ ಬೇರೆಯೇ ಇದೆ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನ ಉದ್ದೇಶ ಮತಪ್ರಚಾರ, ಅದರಲ್ಲಿ ಮುಚ್ಚುಮರೆ ಇರಲಿಲ್ಲ. ಜೊತೆಗೆ ಶಾಲೆ, ಮುದ್ರಣಾಲಯ, 1865ರಲ್ಲಿ ಹೆಂಚಿನ ಕಾರ್ಖಾನೆಯೂ ಬಂತು. ಇದಕ್ಕೆಲ್ಲ ಶ್ರೀಮಂತರಷ್ಟೇ ಕೊಟ್ಟದ್ದಲ್ಲ. 1855ರಿಂದ ಅಲ್ಲಿನ ಸಾಮಾನ್ಯ ವಿಶ್ವಾಸಿಗಳಿಂದ ವಾರಕ್ಕೊಂದು ಚಿಲ್ಲರೆ ನಾಣ್ಯ ಸಂಗ್ರಹವಾಯಿತು.

ನಮ್ಮ ದೇಶದ್ದೇ ಉದಾಹರಣೆ ಬೇಕಾ? ಮಿಜೋರಾಂ ನೋಡಿ. 1910ರಿಂದ ಅಲ್ಲಿನ ಮಹಿಳೆಯರು ಪ್ರತಿ ಅಡುಗೆಗೆ ಮುಂಚೆ ಒಂದು ಹಿಡಿ ಅಕ್ಕಿ ತೆಗೆದಿಡುತ್ತಾರೆ. ಚರ್ಚ್ ಅದನ್ನು ಮಾರಿ, ಬೇರೆ ರಾಜ್ಯ, ಹೊರದೇಶಗಳಿಗೆ ಹೋದ ಮಿಷನರಿಗಳ ಖರ್ಚಿಗೆ ಬಳಸುತ್ತದೆ.

ಇದು ಈಗ ಯಾಕೆ ಮುಖ್ಯ? 2020ರ ಎಫ್‌ಸಿಆರ್‌ಎ ತಿದ್ದುಪಡಿಯ ನಂತರ ವಿದೇಶಿ ದೇಣಿಗೆ ಮೊದಲು ದಿಲ್ಲಿಯ ಎಸ್‌ಬಿಐ ಶಾಖೆಯ ಖಾತೆಗೇ ಬರಬೇಕು. ಒಂದು ಸಂಸ್ಥೆ ಇನ್ನೊಂದಕ್ಕೆ ಅದನ್ನು ಕೊಡುವಂತಿಲ್ಲ. ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳಿದಿದೆ. ನೋಂದಣಿ ಹೋದರೆ ಆ ದಾರಿಯೇ ಬಂದ್. ಹಿಡಿ ಅಕ್ಕಿಗೆ ಈ ಭಯವಿಲ್ಲ.

ನಮ್ಮಲ್ಲಿ ರಮಝಾನ್‌ನಲ್ಲಿ ರಶೀದಿ ಪುಸ್ತಕ, ಉಳಿದ ತಿಂಗಳು ಗಲ್ಫ್‌ನವರ ದಾರಿ ಕಾಯುವುದು. 300 ಮನೆಗಳ ಜಮಾಅತ್‌ನಲ್ಲಿ ಮನೆಗೆ ವಾರಕ್ಕೆ 10 ರೂಪಾಯಿ ಆದರೂ ವರ್ಷಕ್ಕೆ 1,56,000 ರೂಪಾಯಿ. ಬಡ ಮಕ್ಕಳ ಕಾಲೇಜು ಫೀಸಿಗೆ ಇದು ಸಣ್ಣ ಮೊತ್ತವಲ್ಲ. ಲೆಕ್ಕವನ್ನು ಪ್ರತಿ ತಿಂಗಳು ಮಸೀದಿಯ ಬೋರ್ಡಿಗೆ ಹಾಕಿದರೆ ಕೊಡುವವರಿಗೂ ಧೈರ್ಯ, ಪ್ರಶ್ನೆ ಕೇಳುವವರಿಗೂ ಉತ್ತರ.

ಅವರ ಮಿಷನ್‌ನ ಗುರಿ ನಮ್ಮದಲ್ಲ. ಆದರೆ ಸಣ್ಣದಾದರೂ ನಿರಂತರವಾಗಿ ಮಾಡುವ ಅಮಲ್‌ನ ಬೆಲೆ ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಯುವಕರು ಈ ಜುಮಾದಿಂದಲೇ ಶುರು ಮಾಡಲಿ.